ಭೀಕರ ಘಟನೆಯ ನಂತರದ 30 ದಿನ: ಪೊಲೀಸ್ ಠಾಣೆ ತನ್ನವರನ್ನು ನೋಡಿಕೊಳ್ಳುವ ಬಗೆ

ಈ ಬರಹ ಮುಖ್ಯವಾಗಿ ಠಾಣೆಯ ಹೊಣೆ ಹೊತ್ತವರಿಗೆ, ಡ್ಯೂಟಿ ಚಾರ್ಟ್ ಬರೆಯುವವರಿಗೆ, ಮತ್ತು ಜೊತೆಯಲ್ಲಿ ದುಡಿಯುವವರೊಬ್ಬರು ಯಾಕೋ ಮೊದಲಿನಂತಿಲ್ಲ ಎಂದು ಗಮನಿಸಿದ ಸಹೋದ್ಯೋಗಿಗೆ. ಘಟನೆಯಾದ ಮೊದಲ ತಿಂಗಳಲ್ಲಿ ಪೊಲೀಸರು ಮನೋವೈದ್ಯರ ಮುಂದೆ ಹೋಗಿ ಕೂರುವುದು ಅಪರೂಪ. ಅವರು ಇರುವುದು ಠಾಣೆಯಲ್ಲಿ, ಜೀಪಿನಲ್ಲಿ, ಮನೆಯಲ್ಲಿ. ಹಾಗಾಗಿ ಆ ತಿಂಗಳನ್ನು ಅವರು ಹೇಗೆ ದಾಟುತ್ತಾರೆ ಎನ್ನುವುದರಲ್ಲಿ ಠಾಣೆಯ ಪಾಲು ದೊಡ್ಡದು.

ಮನಸ್ಸಿನ ಗಟ್ಟಿತನ ಹುಟ್ಟಿನಿಂದಲೇ ಬರಬೇಕು, ಇದ್ದವರಿಗೆ ಇದೆ, ಇಲ್ಲದವರು ಈ ಕೆಲಸಕ್ಕೆ ಲಾಯಕ್ಕಿಲ್ಲ ಎಂಬ ನಂಬಿಕೆ ಇಲಾಖೆಗಳಲ್ಲಿ ಇನ್ನೂ ಬಲವಾಗಿದೆ. ಅದನ್ನು ಬಿಡಬೇಕು. 24 ದೇಶಗಳ ಎರಡೂವರೆ ಲಕ್ಷಕ್ಕೂ ಹೆಚ್ಚು ಪೊಲೀಸರ ಮಾಹಿತಿಯನ್ನು ಒಟ್ಟುಗೂಡಿಸಿ 2020ರಲ್ಲಿ ಪ್ರಕಟವಾದ ವಿಶ್ಲೇಷಣೆಯೊಂದರಲ್ಲಿ, ನೂರಕ್ಕೆ ಸುಮಾರು 14 ಮಂದಿಯಲ್ಲಿ ಆಘಾತೋತ್ತರ ಒತ್ತಡದ ಕಾಯಿಲೆ (ಪಿಟಿಎಸ್‌ಡಿ) ಕಂಡುಬಂತು. ಖಿನ್ನತೆಯ ಪ್ರಮಾಣವೂ ಹೆಚ್ಚು ಕಡಿಮೆ ಅಷ್ಟೇ. ಅಪಾಯದ ಮಟ್ಟದಲ್ಲಿ ಕುಡಿಯುವವರು ಕಾಲು ಭಾಗ. ಯಾರಿಗೆ ಹೆಚ್ಚು ತೊಂದರೆಯಾಗಿತ್ತು ಎಂದು ನೋಡಿದಾಗ ಎದ್ದು ಕಂಡ ಕಾರಣಗಳು ಮೂರು: ಜೊತೆಗಾರರ ಬೆಂಬಲ ಕಡಿಮೆ ಇರುವುದು, ಕೆಲಸದ ಒತ್ತಡ ಹೆಚ್ಚಿರುವುದು, ಆದದ್ದನ್ನು ನೆನೆಯದೆ ತಳ್ಳಿಹಾಕುತ್ತಲೇ ಇರುವುದು. ಮೊದಲೆರಡನ್ನು ಠಾಣೆಯೇ ಸರಿಪಡಿಸಬಹುದು.

ಪಟ್ಟಿ ಮೊದಲೇ ಸಿದ್ಧವಿರಲಿ

"ಬೇಕಿದ್ದರೆ ಕೇಳಿ, ಸಹಾಯ ಮಾಡುತ್ತೇವೆ" ಎನ್ನುವ ವ್ಯವಸ್ಥೆ ಪೊಲೀಸರಲ್ಲಿ ನಡೆಯುವುದಿಲ್ಲ, ಯಾಕೆಂದರೆ ಕೇಳುವುದೇ ಸೋಲು ಎಂದು ಅನಿಸುತ್ತದೆ. ಯಾವ ಘಟನೆಯಾದರೆ ಕ್ರಮ ತಾನಾಗಿ ಶುರುವಾಗಬೇಕು ಎಂದು ಮೊದಲೇ ಬರೆದಿಟ್ಟರೆ ಯಾರೂ ಕೇಳಬೇಕಾಗುವುದಿಲ್ಲ, ಯಾರನ್ನೂ ಬೆರಳು ತೋರಿಸಿ ಕರೆದಂತೆಯೂ ಆಗುವುದಿಲ್ಲ. ಪಟ್ಟಿಯಲ್ಲಿ ಇವು ಇರಲೇಬೇಕು: ಮಗುವಿನ ಸಾವು, ಸಹೋದ್ಯೋಗಿಯ ಸಾವು ಅಥವಾ ಆತ್ಮಹತ್ಯೆ, ಗುಂಡು ಹಾರಿಸಿದ್ದು ಅಥವಾ ಗುಂಡಿಗೆ ಎದುರಾದದ್ದು, ಹಲವರು ಸತ್ತ ಅಪಘಾತ, ವಶದಲ್ಲಿದ್ದವರ ಸಾವು, ಸಿಬ್ಬಂದಿಗೆ ಪ್ರಾಣ ಹೋಗುತ್ತದೆ ಎನಿಸಿದ ಹಲ್ಲೆ, ಸತ್ತವರು ಪರಿಚಿತರಾಗಿದ್ದ ಪ್ರಕರಣ.

ಸ್ಥಳಕ್ಕೆ ಹೋದವರನ್ನು ಮಾತ್ರ ಲೆಕ್ಕಕ್ಕೆ ತೆಗೆದುಕೊಳ್ಳುವುದು ಸಾಮಾನ್ಯ ತಪ್ಪು. ಕಂಟ್ರೋಲ್ ರೂಮಿನಲ್ಲಿ ಆ ಕರೆ ಸ್ವೀಕರಿಸಿ ಕೊನೆಯ ಕೂಗನ್ನು ಕೇಳಿಸಿಕೊಂಡವರು, ಫೋಟೊ ತೆಗೆದವರು, ಶವದ ಜೊತೆ ಆಸ್ಪತ್ರೆಗೆ ಹೋದವರು, ವಾಹನ ತೊಳೆದವರು, ರಾತ್ರಿ ಕುಳಿತು ವಿವರಗಳನ್ನೆಲ್ಲ ಟೈಪ್ ಮಾಡಿದವರು, ಇವರ ಹೆಸರೂ ಸೇರಬೇಕು. ಘಟನೆ ನಡೆದ ದಿನವೇ ಒಂದು ಹಾಳೆಯಲ್ಲಿ ಎಲ್ಲರ ಹೆಸರು ಬರೆದುಕೊಳ್ಳಿ. ಮೂರು ದಿನ ಬಿಟ್ಟು ನೆನಪಿಸಿಕೊಂಡರೆ ತೆರೆಮರೆಯಲ್ಲಿದ್ದವರೇ ಮೊದಲು ಬಿಟ್ಟುಹೋಗುತ್ತಾರೆ.

ಮೊದಲ ಕೆಲವು ಗಂಟೆ

ವಿಶ್ವ ಆರೋಗ್ಯ ಸಂಸ್ಥೆ 2011ರಲ್ಲಿ ಹೊರತಂದ ಮಾನಸಿಕ ಪ್ರಥಮ ಚಿಕಿತ್ಸೆಯ ಕೈಪಿಡಿ ಮೂರು ಕೆಲಸ ಹೇಳುತ್ತದೆ: ನೋಡು, ಕೇಳಿಸಿಕೋ, ಜೋಡಿಸು. ಠಾಣೆಯ ಮಟ್ಟಿಗೆ ಅದು ಹೀಗೆ.

ಕೆಲಸ ಮುಗಿದ ಕೂಡಲೇ ಅವರನ್ನು ದೃಶ್ಯ ಕಾಣದ, ಸದ್ದು ಕೇಳದ ಜಾಗಕ್ಕೆ ಕರೆದೊಯ್ಯಿರಿ. ನಂಬಿಕೆಯ ಸಹೋದ್ಯೋಗಿಯೊಬ್ಬರು ಪಕ್ಕದಲ್ಲಿರಲಿ. ಐದಾರು ಮಂದಿ ಸುತ್ತುವರಿದು "ಏನಾಯ್ತು, ಏನಾಯ್ತು" ಎಂದು ಕೇಳುವುದು ಬೇಡ. ನೀರು, ಬಿಸಿಯಾದ ಏನಾದರೂ ಕುಡಿಯಲು, ಬೆಚ್ಚಗಿನ ಬಟ್ಟೆ ಕೊಡಿ. ರಕ್ತ ಅಥವಾ ವಾಸನೆ ಹಿಡಿದ ಸಮವಸ್ತ್ರ, ಶೂಗಳನ್ನು ಠಾಣೆಯಲ್ಲೇ ಬದಲಿಸಿ, ಸ್ನಾನ ಮಾಡಿ ಹೋಗುವ ಅನುಕೂಲವಿರಲಿ. ವಾಸನೆಗೂ ನೆನಪಿಗೂ ಬಹಳ ಹತ್ತಿರದ ನಂಟು. ಅದೇ ಶೂ ಮನೆಯ ಬಾಗಿಲಲ್ಲಿ ಬಿದ್ದಿದ್ದರೆ ಘಟನೆಯೂ ಮನೆಯೊಳಗೆ ಬಂದಂತೆ. ಸುದ್ದಿ ವಾಟ್ಸಾಪ್‌ನಲ್ಲಿ ಹರಡುವ ಮೊದಲೇ ಅವರೇ ಮನೆಗೆ ಫೋನ್ ಮಾಡಿ ಸುರಕ್ಷಿತವಾಗಿದ್ದೇನೆ ಎಂದು ತಿಳಿಸಲಿ. ಮನೆಗೆ ಹೋಗುವಾಗ ಬೇರೊಬ್ಬರು ವಾಹನ ಓಡಿಸಲಿ.

ಕೈ ನಡುಗುವುದು, ವಾಂತಿ ಬಂದಂತಾಗುವುದು, ಅಳು, ಇಲ್ಲವೇ ಏನೂ ಅನಿಸದೆ ಮರಗಟ್ಟಿದಂತಾಗುವುದು ಇವೆಲ್ಲ ಅಪಾಯಕ್ಕೆ ಸಿದ್ಧವಾದ ದೇಹ ಮತ್ತೆ ಸಹಜ ಸ್ಥಿತಿಗೆ ಇಳಿಯುವ ರೀತಿ. ಎದೆ ಹೊಡೆದುಕೊಳ್ಳುತ್ತಿದ್ದರೆ ಮೂಗಿನಿಂದ ನಾಲ್ಕು ಎಣಿಕೆ ಉಸಿರು ಒಳಗೆ, ಆರು ಎಣಿಕೆ ಹೊರಗೆ, ಹೀಗೆ ಐದು ನಿಮಿಷ ಮಾಡಿಸಿ. ನಿಮಿಷಕ್ಕೆ ಸುಮಾರು ಆರು ಉಸಿರಾಗುತ್ತದೆ. ಮಾಡುವಾಗ ತಲೆ ಸುತ್ತಿದರೆ ಎದೆ ತುಂಬ ಗಾಳಿ ಎಳೆಯುತ್ತಿದ್ದಾರೆ ಎಂದರ್ಥ; ವೇಗ ಹಾಗೇ ಇರಲಿ, ಎಳೆಯುವ ಗಾಳಿ ಕಡಿಮೆಯಾಗಲಿ. ಕಣ್ಣು ಮುಚ್ಚಿದರೆ ದೃಶ್ಯ ಬರುತ್ತದೆ ಎನ್ನುವವರಿಗೆ ಕಣ್ಣು ತೆರೆದೇ ಮಾಡಿಸಿ, ಇಲ್ಲವೇ ಕೋಣೆಯಲ್ಲಿ ಕಾಣುವ ಐದು ವಸ್ತುಗಳ ಹೆಸರು ಹೇಳಿಸಿ.

ಏನು ಹೇಳಬೇಕು ಎಂಬ ಗೊಂದಲ ಎಲ್ಲ ಅಧಿಕಾರಿಗಳಿಗೂ ಇರುತ್ತದೆ. "ನಾನು ಇಲ್ಲೇ ಇದ್ದೀನಿ. ಈಗ ಏನು ಬೇಕು ಹೇಳಿ" ಎಂದರೆ ಸಾಕು. "ಇದಕ್ಕೆಲ್ಲ ಹೆದರಿದರೆ ಹೇಗೆ", "ನಮ್ಮ ಕಾಲದಲ್ಲಿ ಇದಕ್ಕಿಂತ ಕೆಟ್ಟದ್ದು ನೋಡಿದ್ದೀವಿ", "ಒಂದು ಪೆಗ್ ಹಾಕಿ ಮಲಗಿ" ಎಂಬ ಮೂರು ಮಾತುಗಳನ್ನು ಬಾಯಿಗೆ ಬಂದರೂ ನುಂಗಿಕೊಳ್ಳಿ. ಮೊದಲಿನ ಎರಡು ಬಾಯಿ ಮುಚ್ಚಿಸುತ್ತವೆ, ಮೂರನೆಯದು ನಿದ್ದೆ ಕೆಡಿಸುತ್ತದೆ.

ಗುಂಡು ಹಾರಿಸಿದ ಪ್ರಕರಣದಲ್ಲಿ ಇನ್ನೊಂದು ಎಚ್ಚರ ಬೇಕು. ಪಿಸ್ತೂಲನ್ನು ಸಾಕ್ಷ್ಯವಾಗಿ ತೆಗೆದುಕೊಳ್ಳಲೇಬೇಕು. ಎಲ್ಲರೆದುರು ಸೊಂಟದಿಂದ ಬಿಚ್ಚಿಸಿದರೆ ಆರೋಪಿಯಂತೆ ನಡೆಸಿಕೊಂಡ ನೆನಪು ಗುಂಡಿನ ನೆನಪಿಗಿಂತ ಹೆಚ್ಚು ಕಾಲ ಉಳಿಯಬಹುದು. ಕೋಣೆಯೊಳಗೆ ತೆಗೆದುಕೊಳ್ಳಿ, ಎಲ್ಲರಿಗೂ ಇದೇ ಕ್ರಮ ಎಂದು ಹೇಳಿ, ಮುಂದೆ ಏನೇನು ನಡೆಯುತ್ತದೆ ಎಂದು ಒಂದೊಂದಾಗಿ ವಿವರಿಸಿ.

ಹೇಳಿಕೆಯ ವಿಷಯದಲ್ಲೂ ಆತುರ ಬೇಡ. ಇನ್ನೂ ಅಪಾಯ ಉಳಿದಿದೆಯೇ, ಯಾರಿಗೆ ಗಾಯವಾಗಿದೆ, ಯಾರು ಓಡಿಹೋದರು ಎಂಬಷ್ಟನ್ನು ತಕ್ಷಣ ಕೇಳಬೇಕು. ವಿವರವಾದ ಹೇಳಿಕೆಯನ್ನು, ನಿಯಮ ಅನುಮತಿಸಿದರೆ, ಒಂದು ನಿದ್ದೆಯಾದ ಮೇಲೆ ಪಡೆಯುವುದು ಒಳ್ಳೆಯದು. ಪ್ರಾಣಭಯದ ಹೊತ್ತಿನಲ್ಲಿ ದೃಷ್ಟಿ ಒಂದೇ ಬಿಂದುವಿಗೆ ಕುಗ್ಗುತ್ತದೆ, ಪಕ್ಕದಲ್ಲೇ ಸಿಡಿದ ಗುಂಡಿನ ಸದ್ದು ಕೇಳದೇ ಹೋಗಬಹುದು, ಎರಡು ಸೆಕೆಂಡು ನಿಮಿಷದಷ್ಟು ಉದ್ದ ಅನಿಸುತ್ತದೆ, ಘಟನೆಗಳ ಸರಣಿ ಹಿಂದುಮುಂದಾಗುತ್ತದೆ. ಎಷ್ಟು ಗುಂಡು ಹಾರಿಸಿದೆ ಎಂಬುದು ನೆನಪಿಲ್ಲ ಎಂದವರನ್ನು ಸುಳ್ಳುಗಾರರೆಂದು ನೋಡಿದರೆ ತನಿಖೆಗೂ ನಷ್ಟ, ಮನುಷ್ಯನಿಗೂ ನಷ್ಟ.

ನಿದ್ದೆಯೇ ಮೊದಲ ಔಷಧ

ಮೊದಲ ಮೂರು ರಾತ್ರಿಗಳ ಡ್ಯೂಟಿ ಚಾರ್ಟ್ ಮೇಲೆ ಠಾಣಾಧಿಕಾರಿ ಖುದ್ದಾಗಿ ಕಣ್ಣಿಡಬೇಕು ಎಂಬುದು ನಮ್ಮ ಖಚಿತ ಅಭಿಪ್ರಾಯ. ಹಾಗೆಂದು ಪೂರ್ತಿ ರಜೆ ಕೊಟ್ಟು ಮನೆಯಲ್ಲಿ ಒಬ್ಬರೇ ಕೂರುವಂತೆ ಮಾಡುವುದು ಎಲ್ಲರಿಗೂ ಹಿಡಿಸುವುದಿಲ್ಲ. ಅವರನ್ನೇ ಕೇಳಿ. ಕೆಲಸಕ್ಕೆ ಬರುತ್ತೇನೆ ಎಂದರೆ ಹಗಲು ಪಾಳಿ, ಠಾಣೆಯೊಳಗಿನ ಕೆಲಸ, ಎಂಟು ಗಂಟೆಗಿಂತ ಹೆಚ್ಚಿಲ್ಲ. ಅದೇ ಬಗೆಯ ಇನ್ನೊಂದು ಪ್ರಕರಣಕ್ಕೆ ಆ ವಾರ ಅವರನ್ನು ಕಳಿಸಬೇಡಿ.

ಸತತ 17 ಗಂಟೆ ಎಚ್ಚರವಿದ್ದವರ ಚುರುಕುತನ, ರಕ್ತದಲ್ಲಿ 0.05 ಶೇಕಡಾ ಮದ್ಯವಿದ್ದವರ ಮಟ್ಟಕ್ಕೆ ಇಳಿಯುತ್ತದೆ ಎಂದು ಪ್ರಯೋಗಗಳು ತೋರಿಸಿವೆ. ಪೊಲೀಸರಲ್ಲಿ ನಿದ್ದೆ ಮೊದಲೇ ಕೆಟ್ಟಿರುತ್ತದೆ: ಉತ್ತರ ಅಮೆರಿಕದ ಸುಮಾರು 5,000 ಪೊಲೀಸರ ಮೇಲೆ ನಡೆದು 2011ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಶೇ 40ರಷ್ಟು ಮಂದಿಯಲ್ಲಿ ಒಂದಲ್ಲ ಒಂದು ನಿದ್ರಾ ತೊಂದರೆಯ ಸೂಚನೆ ಸಿಕ್ಕಿತು. ಅದರ ಮೇಲೆ ಘಟನೆ ಬಂದು ಕೂತಾಗ ದುಃಸ್ವಪ್ನದ ಭಯಕ್ಕೆ ಮಲಗುವುದನ್ನೇ ಮುಂದೂಡುತ್ತಾರೆ. ಹಾಗೆ ಮುಂದೂಡಿದಷ್ಟೂ ಮರುದಿನ ಸಿಡುಕು, ಬೆಚ್ಚಿಬೀಳುವುದು ಹೆಚ್ಚುತ್ತದೆ.

ಅವರಿಗೆ ಹೇಳಬೇಕಾದದ್ದು ಇಷ್ಟು: ಏಳುವ ಸಮಯ ದಿನವೂ ಒಂದೇ ಇರಲಿ. ಕಾಫಿ, ಚಹಾ ಮಲಗುವುದಕ್ಕೆ ಎಂಟು ಗಂಟೆ ಮೊದಲೇ ನಿಲ್ಲಲಿ, ಕುಡಿದ ಕೆಫೀನ್‌ನ ಅರ್ಧ ಭಾಗ ದೇಹದಿಂದ ಹೋಗಲು ಸುಮಾರು ಐದು ಗಂಟೆ ಬೇಕು. ಇಪ್ಪತ್ತು ನಿಮಿಷವಾದರೂ ನಿದ್ದೆ ಬಾರದಿದ್ದರೆ ಹೊರಳಾಡದೆ ಎದ್ದು, ಮಂದ ಬೆಳಕಿನಲ್ಲಿ ಕೂತು, ತೂಕಡಿಕೆ ಬಂದಾಗ ಮತ್ತೆ ಮಲಗಲಿ. ಕೆಟ್ಟ ಕನಸಿನಿಂದ ಎಚ್ಚರವಾದರೆ ಕಾಲನ್ನು ನೆಲಕ್ಕೂರಿ, ದೀಪ ಹಾಕಿ, ಇವತ್ತಿನ ದಿನಾಂಕ ಮತ್ತು ತಾನಿರುವ ಕೋಣೆಯನ್ನು ಬಾಯಿಬಿಟ್ಟು ಹೇಳಿಕೊಳ್ಳಲಿ. ಮದ್ಯ ನಿದ್ದೆ ಬೇಗ ತರಿಸುತ್ತದೆ ನಿಜ, ಆದರೆ ರಾತ್ರಿಯ ಎರಡನೇ ಅರ್ಧದಲ್ಲಿ ನಿದ್ದೆಯನ್ನು ತುಂಡು ತುಂಡು ಮಾಡುತ್ತದೆ. ಡೈಯಾಜೆಪಾಮ್‌ನಂಥ ಬೆಂಜೋಡಯಾಜೆಪೀನ್ (ಮಂಪರು ತರಿಸುವ) ಮಾತ್ರೆಗಳನ್ನು ಆಘಾತದ ಲಕ್ಷಣಗಳಿಗೆಂದು ಮೊದಲ ತಿಂಗಳಲ್ಲಿ ಕೊಡಬಾರದು ಎಂದು ವಿಶ್ವ ಆರೋಗ್ಯ ಸಂಸ್ಥೆ 2013ರಲ್ಲೇ ಹೇಳಿದೆ. ಪರಿಚಯದ ಮೆಡಿಕಲ್ ಅಂಗಡಿಯಿಂದ ತಾವೇ ತಂದು ನುಂಗುವುದಂತೂ ಬೇಡವೇ ಬೇಡ. ಮೊದಲಿನಿಂದಲೂ ವೈದ್ಯರ ಸಲಹೆಯಂತೆ ತೆಗೆದುಕೊಳ್ಳುತ್ತಿರುವವರು ಮಾತ್ರ ತಟ್ಟನೆ ನಿಲ್ಲಿಸದೆ ಅದೇ ವೈದ್ಯರನ್ನು ಕೇಳಬೇಕು.

ಎಲ್ಲರನ್ನೂ ಕೂರಿಸಿ ಹೇಳಿಸುವುದು ಬೇಡ

ಘಟನೆಯಾದ ಮರುದಿನವೇ ಎಲ್ಲರನ್ನೂ ವೃತ್ತಾಕಾರದಲ್ಲಿ ಕೂರಿಸಿ, ಏನು ಕಂಡಿರಿ, ಏನನ್ನಿಸಿತು ಎಂದು ಒಬ್ಬೊಬ್ಬರಿಂದಲೂ ಹೇಳಿಸುವ ಪದ್ಧತಿ 1980ರ ದಶಕದಲ್ಲಿ ಜನಪ್ರಿಯವಾಯಿತು. ಉದ್ದೇಶ ಒಳ್ಳೆಯದೇ. ಆದರೆ ಆಘಾತವಾದ ಕೂಡಲೇ ಒಂದೇ ಬಾರಿ ನಡೆಸುವ ಇಂಥ ಸಮಾಲೋಚನೆಯಿಂದ ಪಿಟಿಎಸ್‌ಡಿ ತಪ್ಪುವುದಿಲ್ಲ ಎಂದು ಹಲವು ಅಧ್ಯಯನಗಳನ್ನು ಒಟ್ಟಿಗೆ ತೂಗಿ ನೋಡಿದ 2002ರ ಕಾಕ್ರೇನ್ ವಿಮರ್ಶೆ ಕಂಡುಕೊಂಡಿತು. ಕೆಲವರಿಗೆ ಕೆಡುಕಾದ ಸೂಚನೆಯೂ ಅದರಲ್ಲಿತ್ತು. ಇದಕ್ಕೆ ಕಾರಣ ಊಹಿಸುವುದು ಕಷ್ಟವಲ್ಲ. ಮೈ ಇನ್ನೂ ಕಾದಿರುವಾಗಲೇ ದೃಶ್ಯವನ್ನು ಮತ್ತೆ ಕೆದಕಿದಂತಾಗುತ್ತದೆ. ಶವವನ್ನು ನೋಡದವರು ನೋಡಿದವರ ಬಾಯಿಂದ ವಿವರ ಕೇಳಿ ಹೊಸ ಚಿತ್ರವೊಂದನ್ನು ಹೊತ್ತು ಮನೆಗೆ ಹೋಗುತ್ತಾರೆ. ಮೇಲಧಿಕಾರಿ ಎದುರಿಗಿದ್ದರೆ ಯಾರೂ ನಿಜ ಹೇಳುವುದಿಲ್ಲ.

ತಾವಾಗಿ ಮಾತಾಡಬೇಕೆನಿಸಿದವರನ್ನು ತಡೆಯಬೇಡಿ. ಬಲವಂತ ಮಾತ್ರ ಬೇಡ. ಏನಾಯಿತು, ಯಾವುದು ಸರಿಹೋಯಿತು, ಸಲಕರಣೆಯಲ್ಲಿ ಏನು ಕೊರತೆಯಿತ್ತು ಎಂಬ ಕೆಲಸದ ಪರಿಶೀಲನೆ ನಡೆಯಬೇಕು, ಆದರೆ ಅದನ್ನು ಇದರ ಜೊತೆ ಬೆರೆಸಬಾರದು.

ಮೂರನೇ ದಿನದ ಮಾತುಕತೆ

ಬ್ರಿಟನ್ನಿನ ರಾಯಲ್ ಮರೀನ್ಸ್ ಪಡೆಯಲ್ಲಿ ಹುಟ್ಟಿ ಅಲ್ಲಿನ ಪೊಲೀಸ್ ಇಲಾಖೆಗಳಿಗೂ ಹಬ್ಬಿದ ಟ್ರಿಮ್ (ಆಘಾತದ ಅಪಾಯ ನಿರ್ವಹಣೆ) ಎಂಬ ಪದ್ಧತಿ ನಮಗೆ ಹೆಚ್ಚು ಪ್ರಾಯೋಗಿಕ ಅನಿಸುತ್ತದೆ. ತರಬೇತಿ ಪಡೆದ ಸಹೋದ್ಯೋಗಿಯೊಬ್ಬರು ಘಟನೆಯಾಗಿ 72 ಗಂಟೆ ಕಳೆದ ಮೇಲೆ ಒಮ್ಮೆ, ಸುಮಾರು 28 ದಿನದ ಹೊತ್ತಿಗೆ ಮತ್ತೊಮ್ಮೆ ಮಾತಾಡುತ್ತಾರೆ. ಚಿಕಿತ್ಸೆ ಕೊಡುವುದು ಇದರ ಉದ್ದೇಶವಲ್ಲ. ಯಾರು ತಾನಾಗಿ ಸುಧಾರಿಸುತ್ತಿದ್ದಾರೆ, ಯಾರಿಗೆ ವೈದ್ಯರು ಬೇಕು ಎಂದು ಕಂಡುಕೊಳ್ಳುವುದು.

ಮಾತಾಡುವವರು ಅದೇ ದರ್ಜೆಯವರೋ ಒಂದು ಮೆಟ್ಟಿಲು ಆಚೀಚೆಯವರೋ ಆಗಿರಲಿ. ರಜೆ ಮಂಜೂರು ಮಾಡುವವರು, ವಾರ್ಷಿಕ ವರದಿ ಬರೆಯುವವರು ಬೇಡ. ಬಾಗಿಲು ಮುಚ್ಚುವ ಕೋಣೆ, ಸೈಲೆಂಟ್‌ನಲ್ಲಿ ಫೋನ್, ಮುಕ್ಕಾಲು ಗಂಟೆಯಿಂದ ಒಂದು ಗಂಟೆ ಬಿಡುವು. ಮೊದಲ ಮಾತೇ ಗುಟ್ಟಿನ ಬಗ್ಗೆ ಇರಬೇಕು: ಹೇಳಿದ್ದು ಇಲ್ಲೇ ಉಳಿಯುತ್ತದೆ, ಆದರೆ ಪ್ರಾಣಕ್ಕೆ ಅಪಾಯವಿದೆ ಎನಿಸಿದರೆ ಅಥವಾ ಅಪರಾಧವೊಂದು ಹೊರಬಂದರೆ ಮುಚ್ಚಿಡಲು ಆಗುವುದಿಲ್ಲ. ಇದನ್ನು ಕೊನೆಗೆ ಹೇಳಿದರೆ ಮೋಸವಾಗುತ್ತದೆ.

ಆಮೇಲೆ ಘಟನೆಗೆ ಮೊದಲು, ಘಟನೆಯ ಹೊತ್ತಿನಲ್ಲಿ, ಅದಾದ ಮೇಲೆ ಎಂದು ಮೂರು ಭಾಗವಾಗಿ ಕೇಳುತ್ತಾ ಹೋಗಿ. ರಕ್ತಸಿಕ್ತ ವಿವರಗಳ ಹಿಂದೆ ಬೀಳಬೇಡಿ. ತಿಳಿಯಬೇಕಾದದ್ದು ಇವು: ಪ್ರಾಣ ಹೋಯಿತು ಎನಿಸಿತ್ತೇ? ಕೈ ಮೀರಿತು ಎನಿಸಿತ್ತೇ? ತನ್ನದೇ ತಪ್ಪು ಎಂದೋ ಬೇರೆಯವರ ತಪ್ಪು ಎಂದೋ ಮನಸ್ಸು ಹೇಳುತ್ತಲೇ ಇದೆಯೇ? ನಾಚಿಕೆ ಇದೆಯೇ? ಈ ಹಿಂದೆ ಇಂಥದ್ದೇ ಆಗಿತ್ತೇ? ಮನೆಯಲ್ಲಿ, ಹಣಕಾಸಿನಲ್ಲಿ ಬೇರೆ ತೊಂದರೆ ಇದೆಯೇ? ಕುಡಿತ ಹೆಚ್ಚಿದೆಯೇ? ಮಾತಾಡಿಕೊಳ್ಳಲು ಯಾರಾದರೂ ಇದ್ದಾರೆಯೇ? ಕೊನೆಯ ಪ್ರಶ್ನೆಗೆ "ಯಾರೂ ಇಲ್ಲ" ಎಂಬ ಉತ್ತರ ಬಂದರೆ ಉಳಿದವಕ್ಕಿಂತ ಹೆಚ್ಚು ಗಮನ ಕೊಡಿ.

ಮೂರನೇ ದಿನ ಬಹುತೇಕರಲ್ಲಿ ಏನಾದರೊಂದು ಲಕ್ಷಣ ಇದ್ದೇ ಇರುತ್ತದೆ, ಗಾಬರಿ ಬೇಡ. ಎರಡನೇ ಸಲ ಅದು ಇಳಿದಿದೆಯೋ ಏರಿದೆಯೋ ಎಂಬುದೇ ಮುಖ್ಯ. ಕೆಲವು ಠಾಣೆಗಳಲ್ಲಿ ಮೊದಲ ಮಾತುಕತೆ ಶ್ರದ್ಧೆಯಿಂದ ನಡೆದು, 28ನೇ ದಿನದ್ದು ಯಾವುದೋ ಬಂದೋಬಸ್ತಿನ ನಡುವೆ ಬಿಟ್ಟುಹೋಗುತ್ತದೆ. ಆಗ ಮೊದಲಿನದೂ ವ್ಯರ್ಥ. ಎರಡೂ ದಿನಾಂಕಗಳನ್ನು ಮೊದಲ ದಿನವೇ ಡ್ಯೂಟಿ ಚಾರ್ಟ್‌ನಲ್ಲಿ ಬರೆದುಬಿಡಿ.

ಒಂದು ತಿಂಗಳಾದಾಗ

ಮೂರು ದಿನದಿಂದ ಒಂದು ತಿಂಗಳವರೆಗಿನ ತೀವ್ರ ಲಕ್ಷಣಗಳಿಗೆ ವೈದ್ಯರು ತೀವ್ರ ಒತ್ತಡದ ಕಾಯಿಲೆ ಎನ್ನುತ್ತಾರೆ. ತಿಂಗಳು ದಾಟಿದರೆ ಪಿಟಿಎಸ್‌ಡಿ. ಕೆಲವರಲ್ಲಿ ಅದು ಪೂರ್ಣವಾಗಿ ಕಾಣಿಸಿಕೊಳ್ಳುವುದೇ ಆರು ತಿಂಗಳಾದ ಮೇಲೆ. ಐದು ಹೌದು‑ಇಲ್ಲ ಪ್ರಶ್ನೆಗಳ ಪಿಸಿ‑ಪಿಟಿಎಸ್‌ಡಿ‑5 ಎಂಬ ಪಟ್ಟಿ ಮೊದಲ ಜರಡಿಗೆ ಸಾಕು: ಕಳೆದ ತಿಂಗಳಲ್ಲಿ ದುಃಸ್ವಪ್ನ ಅಥವಾ ಬೇಡದ ನೆನಪು ಬಂತೇ, ನೆನಪಿಸುವ ಜಾಗ‑ಯೋಚನೆಗಳಿಂದ ದೂರವಿರಲು ಹೆಣಗಿದಿರಾ, ಸದಾ ಎಚ್ಚರದಲ್ಲಿದ್ದು ಬೆಚ್ಚಿಬೀಳುತ್ತಿದ್ದಿರಾ, ಜನರಿಂದ‑ಕೆಲಸದಿಂದ ಮನಸ್ಸು ಮರಗಟ್ಟಿದಂತಾಯಿತೇ, ತಪ್ಪಿತಸ್ಥ ಭಾವ ಅಥವಾ ತನ್ನನ್ನೋ ಬೇರೆಯವರನ್ನೋ ದೂಷಿಸುವುದು ಬಿಡದೆ ಕಾಡಿತೇ. ಮೂರು ಅಥವಾ ಹೆಚ್ಚು "ಹೌದು" ಬಂದರೆ ಮನೋವೈದ್ಯರನ್ನೋ ಕ್ಲಿನಿಕಲ್ ಸೈಕಾಲಜಿಸ್ಟರನ್ನೋ ಕಾಣಬೇಕು. ಅವರು ಬಳಸುವ ಪಿಸಿಎಲ್‑5 ಪಟ್ಟಿಯಲ್ಲಿ 20 ಪ್ರಶ್ನೆ, ಪ್ರತಿಯೊಂದಕ್ಕೂ 0ಯಿಂದ 4 ಅಂಕ. 80ರಲ್ಲಿ 31ರಿಂದ 33 ದಾಟಿದರೆ ಕೂಲಂಕಷ ಪರೀಕ್ಷೆ ಬೇಕು. ಇವು ಸುಳಿವು ಕೊಡುವ ಪಟ್ಟಿಗಳು, ರೋಗ ನಿರ್ಣಯ ವೈದ್ಯರದ್ದೇ.

ಈ ಪಟ್ಟಿಗಳು ಕೆಲಸ ಮಾಡದಿರಲು ದೊಡ್ಡ ಕಾರಣ ಒಂದೇ: ತುಂಬಿದ ಹಾಳೆ ಬಡ್ತಿಯ ಕಡತಕ್ಕೆ ಹೋಗುತ್ತದೆ ಎಂಬ ಭಯ. ಒಮ್ಮೆ ಹಾಗಾದರೆ ಮುಂದಿನ ಸಲ ಎಲ್ಲರ ಉತ್ತರವೂ "ಇಲ್ಲ" ಎಂದೇ ಇರುತ್ತದೆ. ಹಾಳೆ ಅವರ ಕೈಯಲ್ಲೇ ಉಳಿಯಲಿ.

ಚಿಕಿತ್ಸೆ ಇದೆ, ಅದು ಫಲಿಸುತ್ತದೆ ಎಂಬುದನ್ನು ಸ್ಪಷ್ಟವಾಗಿ ಹೇಳಿ. ಆಘಾತವನ್ನೇ ಗುರಿಯಾಗಿಟ್ಟ ಸಿಬಿಟಿ (ಯೋಚನೆ, ವರ್ತನೆಗಳನ್ನು ಬದಲಿಸುವ ಮಾತಿನ ಚಿಕಿತ್ಸೆ) ಸಾಮಾನ್ಯವಾಗಿ 8ರಿಂದ 12 ಭೇಟಿ. ಘಟನೆಯ ಬಗ್ಗೆ ಬೇರೂರಿದ ಯೋಚನೆಗಳನ್ನು ಪರಿಶೀಲಿಸುವ, ಅದರ ಒಂದು ಬಗೆಯಾದ ಸಿಪಿಟಿ 12 ಭೇಟಿ. ಕಣ್ಣಿನ ಚಲನೆ ಬಳಸುವ ಇಎಂಡಿಆರ್ ಇನ್ನೊಂದು ದಾರಿ. ಆರಂಭದ ಕೆಲವು ಭೇಟಿಗಳಲ್ಲಿ ನೆನಪುಗಳು ಹೆಚ್ಚು ಕಾಡಬಹುದು. ಬಹಳ ಮಂದಿ ಅಲ್ಲಿಗೇ ಬಿಟ್ಟುಬಿಡುತ್ತಾರೆ. ಅದಕ್ಕೆ ಆ ದಿನಗಳಂದು ರಾತ್ರಿ ಪಾಳಿ ಹಾಕದಿರುವುದು, ಭೇಟಿಯ ಸಮಯಕ್ಕೆ ಬಿಡುಗಡೆ ಕೊಡುವುದು ಠಾಣೆಯ ಪಾಲಿನ ಚಿಕಿತ್ಸೆ.

ಒಂದೇ ಘಟನೆಯಿಲ್ಲದ ಆಘಾತ

ಮಕ್ಕಳ ಮೇಲಿನ ಲೈಂಗಿಕ ದೌರ್ಜನ್ಯದ ಚಿತ್ರ, ವಿಡಿಯೊ ಪರಿಶೀಲಿಸುವವರಿಗೆ 72ನೇ ಗಂಟೆ ಎಂಬುದೇ ಇಲ್ಲ, ದಿನವೂ ಘಟನೆಯೇ. ಕೆಲಸದ ಭಾಗವಾಗಿ ಇಂಥ ವಿವರಗಳಿಗೆ ಮತ್ತೆ ಮತ್ತೆ ಒಡ್ಡಿಕೊಳ್ಳುವುದನ್ನೂ ಪಿಟಿಎಸ್‌ಡಿಗೆ ಕಾರಣವೆಂದು ಅಮೆರಿಕದ ಮನೋವೈದ್ಯ ಸಂಘದ ಡಿಎಸ್‌ಎಂ‑5 ಕೈಪಿಡಿ 2013ರಲ್ಲಿ ಒಪ್ಪಿಕೊಂಡಿತು, ಉದಾಹರಣೆಗೆ ಕೊಟ್ಟದ್ದೂ ಪೊಲೀಸರನ್ನೇ. ಈ ಮೇಜಿಗೆ ಬೇರೆಯೇ ನಿಯಮ ಬೇಕು. ಮೊದಲು ಶಬ್ದ ಬಂದ್ ಮಾಡಿ ನೋಡಿ. ಸದ್ದು ಚಿತ್ರಕ್ಕಿಂತ ಆಳಕ್ಕೆ ಇಳಿಯುತ್ತದೆ. ಶಬ್ದ ಕೇಳಲೇಬೇಕಿದ್ದರೆ ಚಿತ್ರ ಮರೆಮಾಡಿ ಬೇರೆಯಾಗಿ ಕೇಳಿ. ಪರದೆಯನ್ನು ಕಪ್ಪು‑ಬಿಳುಪಿಗೆ ತಿರುಗಿಸಿ, ಚಿತ್ರವನ್ನು ಚಿಕ್ಕದಾಗಿಸಿ, ಅಗತ್ಯವಿರುವ ಭಾಗ ಮಾತ್ರ ದೊಡ್ಡದು ಮಾಡಿ. ಗಂಟೆಗೊಮ್ಮೆ ಎದ್ದು ಹೊರಗೆ ಹೋಗಿ. ಪಾಳಿಯ ಕೊನೆಯ ಒಂದು ಗಂಟೆ ಬೇರೆ ಕೆಲಸಕ್ಕಿರಲಿ. ಪರದೆ ದಾರಿಹೋಕರಿಗೆ ಕಾಣದಂತೆ ಮೇಜು ಹಾಕಿ. ತಮ್ಮ ಮಕ್ಕಳಿಗೆ ಸ್ನಾನ ಮಾಡಿಸಲು, ಎತ್ತಿಕೊಳ್ಳಲು ಹಿಂಜರಿಕೆ ಶುರುವಾಗಿದೆ ಎಂದರೆ ಆ ಮೇಜಿನಿಂದ ಅವರನ್ನು ತೆಗೆಯುವ ಸಮಯ ಬಂದಿದೆ. ಅದನ್ನು ಹೇಳಿಕೊಳ್ಳಲು ನಾಚಿಕೆ ಪಡುತ್ತಾರೆ, ನೀವೇ ಕೇಳಬೇಕು.

ನೇರವಾಗಿ ಕೇಳಬೇಕಾದ ಪ್ರಶ್ನೆ

"ಸಾಯಬೇಕು ಅನಿಸುತ್ತಿದೆಯಾ?" ಎಂದು ಕೇಳಿದರೆ ಇಲ್ಲದ ಯೋಚನೆ ಹುಟ್ಟುವುದಿಲ್ಲ, ಇದ್ದ ಯೋಚನೆ ಹೊರಬರುತ್ತದೆ. ಇಲಾಖಾ ವಿಚಾರಣೆ, ಅಮಾನತು, ದಾಂಪತ್ಯ ಮುರಿದಾಗ, ಸಹೋದ್ಯೋಗಿ ಆತ್ಮಹತ್ಯೆ ಮಾಡಿಕೊಂಡಾಗ, ನಿವೃತ್ತಿಯ ಆಸುಪಾಸು ಹೆಚ್ಚು ಎಚ್ಚರ ಬೇಕಾದ ಹೊತ್ತುಗಳು. ಹೌದು ಎಂದರೆ ಒಬ್ಬರನ್ನೇ ಬಿಡಬೇಡಿ, ಆಯುಧ ಶಸ್ತ್ರಾಗಾರಕ್ಕೆ ಹೋಗಲಿ, ಮನೆಯಲ್ಲಿರುವುದನ್ನೂ ಬೇರೆಯವರ ವಶಕ್ಕೆ ಕೊಡಿಸಿ, ಅದೇ ದಿನ ವೈದ್ಯರ ಬಳಿ ಜೊತೆಗೆ ಹೋಗಿ. ಆಯುಧ ಕೊಟ್ಟರೆ ಮಾನ ಹೋಗುತ್ತದೆ ಎಂಬ ಭಯಕ್ಕೇ ಹಲವರು "ಇಲ್ಲ" ಎನ್ನುತ್ತಾರೆ. ಪಟ್ಟಿಯಲ್ಲಿರುವ ಯಾವುದೇ ಘಟನೆಯಾದರೂ ಕೆಲವು ದಿನ ಎಲ್ಲರ ಆಯುಧವೂ ಠಾಣೆಯಲ್ಲೇ ಉಳಿಯುವ ರೂಢಿ ಮಾಡಿದರೆ ಆ ಭಯ ಕರಗುತ್ತದೆ. ಯಾವಾಗ, ಯಾವ ಷರತ್ತಿನ ಮೇಲೆ ವಾಪಸ್ ಸಿಗುತ್ತದೆ ಎಂಬುದನ್ನೂ ತೆಗೆದುಕೊಳ್ಳುವಾಗಲೇ ಹೇಳಿ.

ಮತ್ತೆ ಪೂರ್ಣ ಡ್ಯೂಟಿಗೆ

ಒಂದೇ ಸಲಕ್ಕೆ ಹಳೆಯ ಜಾಗಕ್ಕೆ ತಳ್ಳುವುದೂ ತಪ್ಪು, ತಿಂಗಳುಗಟ್ಟಲೆ ಕಡತಗಳ ನಡುವೆ ಕೂರಿಸಿಬಿಡುವುದೂ ತಪ್ಪು. ಮೊದಲ ವಾರ ಠಾಣೆಯೊಳಗೆ ಹಗಲು ಪಾಳಿ. ಎರಡನೇ ವಾರ ಅನುಭವಿ ಜೊತೆಗಾರರೊಂದಿಗೆ ಗಸ್ತು. ಮೂರನೇ ವಾರ ಘಟನೆ ನಡೆದ ಜಾಗದ ಮೂಲಕ ಹಾದುಹೋಗುವ ಮಾರ್ಗ, ಮೊದಲು ಹಗಲಿನಲ್ಲಿ, ಆಮೇಲೆ ರಾತ್ರಿ. ಹಿಂದಿನ ವಾರ ನಿದ್ದೆ ಕೆಟ್ಟಿದ್ದರೆ ಅದೇ ಹಂತದಲ್ಲಿ ಇನ್ನೊಂದು ವಾರ. ವೈದ್ಯರ ಬಳಿ ಹೋಗುತ್ತಿರುವವರಿಗೆ ಈ ಕ್ರಮವನ್ನು ಅವರ ವೈದ್ಯರೊಂದಿಗೆ ಸೇರಿಯೇ ನಿಗದಿ ಮಾಡಿ. ನ್ಯಾಯಾಲಯದಲ್ಲಿ ಆ ಪ್ರಕರಣದ ಸಾಕ್ಷಿ ಹೇಳುವ ದಿನ, ಘಟನೆಗೆ ವರ್ಷ ತುಂಬುವ ದಿನ, ಅಂಥದ್ದೇ ಇನ್ನೊಂದು ಸುದ್ದಿ ಬಂದ ದಿನ ಲಕ್ಷಣಗಳು ಮರುಕಳಿಸುವುದುಂಟು. ಸಾಕ್ಷಿಗೆ ಹೋಗುವಾಗ ಜೊತೆಗೆ ಒಬ್ಬರನ್ನು ಕಳಿಸಿ, ಅಂದು ರಾತ್ರಿಯ ಡ್ಯೂಟಿಯಿಂದ ಬಿಡುಗಡೆ ಕೊಡಿ.